ಮೂರನೇ ದಿನ, ಎರಡು ಬೆರಳು

12 ನವೆಂಬರ್ 2025, ಬುಧವಾರ
ಮೈಸೂರು

ಎದ್ದ ಕೂಡಲೇ ಕನ್ನಡಿ ಮುಂದೆ ನಿಂತೆ. ಎಡಗೆನ್ನೆ ಊದಿದೆ, ನಿಜ. ಆದರೂ ಸವರಿದರೆ ದವಡೆಯ ಅಂಚು ಕೈಗೆ ಸಿಗುತ್ತಿದೆ. ಎರಡು ಬೆರಳು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿದೆ. ಹೋದವು! ಮೂರು ಹೋದರೆ ಬಾಯಿ ಪೂರ್ತಿ ತೆರೆಯಿತು ಅಂತ ಲೆಕ್ಕ. ಎರಡು ವರ್ಷದ ಹಿಂದೆ ಬಲಗಡೆಯ ಬುದ್ಧಿಹಲ್ಲು ತೆಗೆಸಿದಾಗ ಮೂರನೇ ದಿನ ಒಂದು ಬೆರಳಿಗೂ ಜಾಗವಿರಲಿಲ್ಲ. ರಾಗಿ ಗಂಜಿಯನ್ನು ಚಮಚದ ತುದಿಯಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟುಕೊಂಡಿದ್ದೆ.

ಸೋಮವಾರ ತೆಗೆದ ಎಡಗಡೆಯ ಹಲ್ಲು ಒಸಡಿನೊಳಗೆ ಅಡ್ಡ ಮಲಗಿತ್ತು. ಮೂಳೆ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ಎತ್ತಿದರು. ಮರಗಟ್ಟಿಸಿದ ಮೇಲೆ ಅಲ್ಲೇ ಪಕ್ಕಕ್ಕೆ ಊತ ತಗ್ಗಿಸುವ ಸ್ಟೀರಾಯ್ಡ್ ಇಂಜೆಕ್ಷನ್, 4 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಕೊಡುತ್ತೇನೆ ಅಂತ ಡಾಕ್ಟರು ಮೊದಲೇ ಹೇಳಿದ್ದರು.

"ಸ್ಟೀರಾಯ್ಡಾ? ಬೇಡ ಡಾಕ್ಟ್ರೇ," ಅಂದಳು ಅಮ್ಮ. "ಕೋವಿಡ್ ಟೈಮಲ್ಲಿ ನಮ್ಮನೆಯವರಿಗೆ ಅದನ್ನ ಕೊಟ್ಟು ಶುಗರ್ ಹೇಗೆ ಏರಿತ್ತು ಗೊತ್ತಾ?"

ಡಾಕ್ಟರು ಕೈಗವಸು ತೆಗೆದಿಟ್ಟು ಕೂತರು. ಅವರಿಗೆ ದಿನಗಟ್ಟಲೆ ಕೊಟ್ಟಿರುತ್ತಾರಮ್ಮ, ಇದು ಒಂದೇ ಸಲ, ಅಂದರು. ನನಗೆ ಶುಗರ್ ಇದೆಯಾ, ಹೊಟ್ಟೆಯ ಹುಣ್ಣು, ಟಿಬಿ ಏನಾದರೂ ಆಗಿತ್ತಾ ಅಂತ ಒಂದೊಂದಾಗಿ ಕೇಳಿದರು. ಅಮ್ಮನ ಭಯವನ್ನು ಅವರು ತಳ್ಳಿಹಾಕಲಿಲ್ಲ. ಅದಕ್ಕೇ ನನಗೂ ಧೈರ್ಯ ಬಂತು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಗಾಯವಾದಾಗ ಜೀವಕೋಶದ ಪೊರೆಯ ಕೊಬ್ಬಿನಿಂದಲೇ ಊತ, ನೋವು ತರುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಅದನ್ನು ನಡುದಾರಿಯಲ್ಲಿ ತಡೆದರೆ, ಸ್ಟೀರಾಯ್ಡ್ ಇನ್ನೂ ಮೇಲೆ, ಮೂಲದ ಹತ್ತಿರವೇ ತಡೆಯುತ್ತದೆ. ಊತ ಜೋರಾಗುವುದು ಎರಡು-ಮೂರನೇ ದಿನಕ್ಕೆ. ಈ ಔಷಧದ ಪ್ರಭಾವ ಸುಮಾರು ಒಂದೂವರೆಯಿಂದ ಎರಡು ದಿನ ಇರುವುದರಿಂದ ಊತ ಏರುವ ಹೊತ್ತಿಗೆ ಮೈಯಲ್ಲಿ ಕೆಲಸ ಮಾಡುತ್ತಿರುತ್ತದೆ. ಹಾಗಂತ ನೋವಿನ ಮಾತ್ರೆ ಬಿಡುವ ಹಾಗಿಲ್ಲ. ಮೊನ್ನೆ ರಾತ್ರಿ ಮರಗಟ್ಟಿದ್ದು ಬಿಟ್ಟಾಗ ಕಿವಿಯವರೆಗೂ ಸೆಳೆಯಿತು, ಮಾತ್ರೆ ನುಂಗಿದ ಮೇಲೇ ನಿದ್ದೆ ಬಂದದ್ದು.

ಎರಡು ಹಲ್ಲೂ ಒಂದೇ ಥರ ಇರಲಿಲ್ಲ, ಹಾಗಾಗಿ ಎಲ್ಲ ಪುಣ್ಯವನ್ನೂ ಇಂಜೆಕ್ಷನ್ನಿಗೇ ಕಟ್ಟಲಾರೆ. ಆದರೆ ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಮಾತ್ರೆಯನ್ನು ಹಲ್ಲುನೋವಿಗೆ ಅಂತ ನುಂಗುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಒಳಗೆ ಕೀವಾಗಿದ್ದರೆ ಆ ಮಾತ್ರೆ ಅದನ್ನು ಮರೆಮಾಚಿಬಿಡುತ್ತದೆ.

ಮಧ್ಯಾಹ್ನ ಅಮ್ಮ ಮೊಸರನ್ನ ಕಿವುಚಿ ತಂದಳು, ಒಗ್ಗರಣೆ ಇಲ್ಲದ್ದು. ಬಟ್ಟಲು ಖಾಲಿ ಮಾಡಿದೆ. "ಡಾಕ್ಟ್ರಿಗೆ ಫೋನ್ ಮಾಡಿ ಹೇಳು," ಅಂದಳು. ಹೊಲಿಗೆ ಬಿಚ್ಚುವುದು ಸೋಮವಾರ.