ಎಲ್ಲ ಓದಿ ಮುಗಿಸಿ ಬರೆಯಲು ಕೂರುತ್ತೀರಾ?

ಐತಿಹಾಸಿಕ ಕಾದಂಬರಿ ಬರೆಯುತ್ತೇನೆಂದು ಗೊತ್ತಾದ ಕೂಡಲೇ ಹೆಚ್ಚಿನವರು ಕೇಳುವ ಪ್ರಶ್ನೆ ಇದು: ‘ಸಂಶೋಧನೆಯೆಲ್ಲ ಮುಗಿದ ಮೇಲೆ ಬರೆಯಲು ಕೂರುತ್ತೀರಾ, ಅಥವಾ ಬರೆಯುತ್ತ ಬರೆಯುತ್ತ ಹುಡುಕುತ್ತೀರಾ?’ ಹೊಸದಾಗಿ ಬರೆಯಲು ಹೊರಟವರು ಕೇಳಿದರೆ ಅದರ ಹಿಂದೆ ಭಯವೂ ಇರುತ್ತದೆ. ಎಷ್ಟು ಓದಿದರೆ ಸಾಕು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಮೊದಲ ಕಾದಂಬರಿಯ ಹೊತ್ತಿಗೆ ನನಗೂ ತಿಳಿದಿರಲಿಲ್ಲ. ಎರಡು ವರ್ಷ ಟಿಪ್ಪಣಿ ಮಾಡಿದೆ, ಒಂದು ಪುಟವನ್ನೂ ಬರೆಯಲಿಲ್ಲ.

ಈಗ ಬರೆಯುತ್ತಲೇ ಹುಡುಕುತ್ತೇನೆ. ಕಾಲದ ಮುಖ್ಯ ಆಕರಗಳನ್ನು ಒಂದು ಸುತ್ತು ಓದಿ ಕಥೆ ಶುರುಮಾಡುತ್ತೇನೆ, ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಎದ್ದು ಹುಡುಕಲು ಹೋಗುತ್ತೇನೆ. ಯಾವುದನ್ನು ತಿಳಿದುಕೊಳ್ಳಬೇಕು ಎನ್ನುವುದನ್ನು ಕಥೆಯಷ್ಟು ಖಚಿತವಾಗಿ ಬೇರೇನೂ ಹೇಳುವುದಿಲ್ಲ.

ವಿಜಯನಗರ ಕಾಲದ ನನ್ನ ಕಾದಂಬರಿಯಲ್ಲಿ ರಾಯಚೂರಿನ ಯುದ್ಧ ಬರುತ್ತದೆ, ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದದ್ದು. ಸೋತ ಸೈನ್ಯ ಹಿಂದಕ್ಕೆ ಓಡಿ ಕೃಷ್ಣಾ ನದಿಗೆ ಬಿತ್ತು, ಎಷ್ಟೋ ಜನ ನೀರುಪಾಲಾದರು ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿದ್ದಾನೆ. ಸೋತ ಕಡೆಯ ಯುವಕನೊಬ್ಬ ಆ ರಾತ್ರಿ ದಂಡೆಯಲ್ಲಿ ಅಣ್ಣನನ್ನು ಹುಡುಕುತ್ತಾನೆ. ಬೆಳದಿಂಗಳಲ್ಲಿ ಬಿದ್ದವರ ಮುಖಗಳನ್ನು ಒಂದೊಂದಾಗಿ ಬಗ್ಗಿ ನೋಡುತ್ತ ಹೋಗುತ್ತಾನೆ. ಬರೆದು ಮುಗಿಸಿದಾಗ ನನ್ನ ಕಣ್ಣು ತುಂಬಿತ್ತು.

ಶಾಸನ ಓದಬಲ್ಲ ಗೆಳತಿಯೊಬ್ಬಳು ನನ್ನ ಕರಡುಗಳನ್ನೆಲ್ಲ ಓದುತ್ತಾಳೆ. ಆ ಪುಟದ ಅಂಚಿನಲ್ಲಿ ಒಂದೇ ಸಾಲು ಬರೆದಿದ್ದಳು: ‘ಅವತ್ತು ಬೆಳದಿಂಗಳು ಎಲ್ಲಿಂದ ಬಂತು?’

ಯುದ್ಧ ನಡೆದದ್ದು 1522ರ ಮೇ ತಿಂಗಳಲ್ಲಿ, ಶನಿವಾರ, ಅಮಾವಾಸ್ಯೆಯಂದು ಎಂದು ನೂನಿಜ್ ಹೇಳುತ್ತಾನೆ. ಆದರೆ ಅವನು ವಿಜಯನಗರದಲ್ಲಿದ್ದದ್ದು 1535ರ ಸುಮಾರಿಗೆ. ಯುದ್ಧ ಮುಗಿದು ಬಹಳ ವರ್ಷಗಳಾಗಿದ್ದವು. ಅವನ ಬರಹವನ್ನು 1900ರಲ್ಲಿ ಇಂಗ್ಲಿಷಿಗೆ ತಂದ ರಾಬರ್ಟ್ ಸೆವೆಲ್ ವಾರವನ್ನೂ ಚಂದ್ರನನ್ನೂ ಲೆಕ್ಕ ಹಾಕಿ, ಬೇರೆ ಪೋರ್ಚುಗೀಸ್ ಬರಹಗಳ ಜೊತೆ ತಾಳೆ ನೋಡಿ, 1520ರ ಮೇ 19 ಎಂದು ತೀರ್ಮಾನಿಸಿದ. ಅದು ಶನಿವಾರವೇ. ಆ ತಿಂಗಳು ಅಮಾವಾಸ್ಯೆ ಬಿದ್ದದ್ದು 17ಕ್ಕೆ. ಎರಡು ದಿನದ ಎಳೆ ಚಂದ್ರ ಸೂರ್ಯನ ಬೆನ್ನಿಗೇ ಮುಳುಗುತ್ತಾನೆ. ಆಮೇಲೆ ಹೊಳೆಯ ಮೇಲೆ ಬರೀ ನಕ್ಷತ್ರದ ಬೆಳಕು.

ಅಂದರೆ ನನ್ನ ಯುವಕ ಯಾರ ಮುಖವನ್ನೂ ನೋಡಲಾರ. ಮೂರು ದಿನ ಆ ದೃಶ್ಯವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನಾಲ್ಕನೆಯ ದಿನ ಕತ್ತಲಲ್ಲೇ ಬರೆಯಲು ಕೂತೆ. ಅವನು ಅಣ್ಣನ ಹೆಸರು ಹಿಡಿದು ಕೂಗುತ್ತಾನೆ. ಒಂದು ದನಿ ‘ಇಲ್ಲಿದ್ದೇನೆ’ ಅನ್ನುತ್ತದೆ. ಓಗೊಟ್ಟವನು ಅಣ್ಣನಲ್ಲ, ಬದುಕುವ ಆಸೆಯಿಂದ ಯಾರದೋ ಹೆಸರಿಗೆ ಓಗೊಟ್ಟ ಗಾಯಾಳು. ಬೆಳಗಾಗುವವರೆಗೂ ಯುವಕನಿಗೆ ಅದು ಗೊತ್ತಾಗುವುದಿಲ್ಲ. ರಾತ್ರಿಯಿಡೀ ಅವನನ್ನು ಹೊತ್ತು ನಡೆದಿರುತ್ತಾನೆ. ಬೆಳದಿಂಗಳಿದ್ದಿದ್ದರೆ ಈ ಗಾಯಾಳು ನನ್ನ ಕಾದಂಬರಿಗೆ ಬರುತ್ತಲೇ ಇರಲಿಲ್ಲ. ಈಗ ಅವನಿಲ್ಲದೆ ಕಥೆಯೇ ಇಲ್ಲ.

ಶಾಸನಗಳನ್ನು ನಂಬಿ ಬರೆಯುವಾಗ ಇಷ್ಟು ಸುತ್ತಬೇಕಾಗಿಲ್ಲ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ತಿಥಿ ಗೊತ್ತಾದರೆ ಆ ರಾತ್ರಿಯ ಬೆಳಕೂ ಗೊತ್ತಾದಂತೆ. ತಾಳೆ ನೋಡಲು 1922ರಲ್ಲಿ ಪ್ರಕಟವಾದ ಸ್ವಾಮಿಕಣ್ಣು ಪಿಳ್ಳೈ ಅವರ ಕೋಷ್ಟಕಗಳಿವೆ, ಕ್ರಿ.ಶ. 700ರಿಂದ 1799ರವರೆಗಿನ ದಿನಗಳ ಲೆಕ್ಕ ಅವುಗಳಲ್ಲಿದೆ. ಒಬ್ಬ ಮನುಷ್ಯ ಇಷ್ಟೊಂದು ದಿನಗಳನ್ನು ನಮಗಾಗಿ ಎಣಿಸಿಟ್ಟು ಹೋದನಲ್ಲ ಎಂದು ಆ ಸಂಪುಟಗಳನ್ನು ತೆರೆದಾಗಲೆಲ್ಲ ಅನ್ನಿಸುತ್ತದೆ.

ಗೆಳತಿಯ ಜೊತೆಗಿನ ಕೆಲಸದ ಬಗ್ಗೆಯೂ ಕೇಳುತ್ತಾರೆ. ನಮ್ಮ ನಡುವೆ ಇರುವುದು ಒಂದೇ ಒಪ್ಪಂದ. ಅವಳು ಅಂಚಿನಲ್ಲಿ ‘ಹೀಗಿರಲಿಲ್ಲ’ ಎಂದು ಬರೆದರೆ ನಾನು ವಾದಿಸದೆ ತಿದ್ದಬೇಕು. ‘ಗೊತ್ತಿಲ್ಲ’ ಎಂದು ಬರೆದರೆ ಆ ಜಾಗ ನನ್ನದು, ಅಲ್ಲಿ ಅವಳು ಕೈ ಹಾಕುವುದಿಲ್ಲ. ಜಗಳ ಆಗುವುದು ಈ ಎರಡರ ನಡುವೆ ಬೀಳುವ ವಿಷಯಗಳಿಗೆ. ರಾಯಚೂರಿಗೆ ಹೊರಟ ರಾಯನ ಸೈನ್ಯದಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆ ಇದ್ದವು ಎನ್ನುತ್ತಾನೆ ನೂನಿಜ್. ಆ ಕಾಲಾಳುಗಳ ಸಂಖ್ಯೆಯನ್ನು ನಿಜವೆಂದು ಬರೆಯಲು ಅವಳು ಬಿಡಲಿಲ್ಲ. ಅಷ್ಟು ದೊಡ್ಡ ಮಾತನ್ನು ಕೈಬಿಡಲು ನಾನೂ ಒಪ್ಪಲಿಲ್ಲ. ಕೊನೆಗೆ ಅದನ್ನು ಪಾಳೆಯದ ಒಬ್ಬ ಲೆಕ್ಕದವನ ಬಾಯಲ್ಲಿ ಇಟ್ಟೆ. ಭಯಗೊಂಡ ಹುಡುಗನಿಗೆ ಧೈರ್ಯ ಹೇಳಲು ಅವನು ಆ ಅಂಕಿಗಳನ್ನು ಒಂದೊಂದಾಗಿ ಒಪ್ಪಿಸುತ್ತಾನೆ. ಅದು ಅವನ ಮಾತಾದ್ದರಿಂದ ಗೆಳತಿ ಸುಮ್ಮನಾದಳು.

ಭಾಷೆಯ ವಿಷಯದಲ್ಲಿ ಅವಳಿಗಿಂತ ನಾನೇ ಬಿಗಿ. ಹನ್ನೆರಡನೆಯ ಶತಮಾನದ ಹೆಂಗಸು ‘ಖುಷಿಯಾಯಿತು’ ಅನ್ನುವಂತಿಲ್ಲ, ‘ಜವಾಬ್ದಾರಿ’ ಅನ್ನುವಂತಿಲ್ಲ. ಆ ಪದಗಳು ಪಾರಸಿಯಿಂದ ಬಂದದ್ದು ಆಮೇಲೆ. ಹಾಗೆಂದು ಅವಳ ಬಾಯಿಗೆ ಹಳಗನ್ನಡ ತುಂಬಿದರೆ ಓದುಗನಿಗೂ ಅವಳಿಗೂ ನಡುವೆ ಗೋಡೆ ಎದ್ದಂತೆ. ‘ಗಳಿಗೆ’ ಉಳಿಸಿಕೊಳ್ಳುತ್ತೇನೆ. ತಳದಲ್ಲಿ ತೂತಿರುವ ಬಟ್ಟಲು ನೀರಲ್ಲಿ ಮುಳುಗಲು ಹಿಡಿಯುವ ಹೊತ್ತು ಅದು, ನಮ್ಮ 24 ನಿಮಿಷ. ಹೊತ್ತನ್ನು ಹಾಗೆ ಅಳೆಯುವ ಊರಿನಲ್ಲಿ ಯಾರೂ ‘ಐದು ನಿಮಿಷ ತಡವಾಯಿತು’ ಎಂದು ಗಾಬರಿಯಾಗುವುದಿಲ್ಲ.

ಎಷ್ಟು ಓದಿದರೆ ಸಾಕು ಎಂದರೆ, ಹೊಸದಾಗಿ ತಿಳಿದದ್ದು ದೃಶ್ಯವನ್ನು ಬದಲಿಸದೆ ಬರೀ ಅಲಂಕರಿಸುತ್ತಿದೆ ಅನ್ನಿಸಿದಾಗ ನಾನು ನಿಲ್ಲಿಸುತ್ತೇನೆ. ಈ ವಾರ ಇನ್ನೂ ಹಾಗನ್ನಿಸಿಲ್ಲ. ನಡುರಾತ್ರಿ ಗಂಡನಿಗೆ ಗೊತ್ತಾಗದ ಹಾಗೆ ಓಲೆಯೊಂದನ್ನು ಓದಲು ಹೆಂಗಸೊಬ್ಬಳು ದೀಪ ಹಚ್ಚಬೇಕು. ಗೀರಿದರೆ ಹೊತ್ತುವ ಬೆಂಕಿಕಡ್ಡಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದದ್ದೇ 1827ರಲ್ಲಿ. ಚಕಮಕಿ ಕಲ್ಲು ಹೊಡೆದರೆ ಸದ್ದಿಗೆ ಅವನು ಏಳುತ್ತಾನೆ. ಒಲೆಯ ಬೂದಿಯಲ್ಲಿ ಕೆಂಡ ಉಳಿದಿಲ್ಲ. ಅವಳು ಈಗ ಹಿತ್ತಲ ಬಾಗಿಲು ತೆಗೆದು ಪಕ್ಕದ ಮನೆಗೆ ಹೋಗಿ ಬೆಂಕಿ ಕೇಳಬೇಕು. ಆ ಮನೆಯಲ್ಲಿ ಯಾರಿದ್ದಾರೆ ಎಂದು ನಾನಿನ್ನೂ ಯೋಚಿಸಿರಲಿಲ್ಲ.