‘ಕಾಯಸ್ತಾರಂತ, ಖರೇನ್ರಿ ಮೇಡಂ?’

ಈ ವಾರ ಪೋಲೆಂಡಿನ ಕ್ರಾಕೋವ್‌ನಿಂದ ಫೋನ್ ಮಾಡಿದ್ದ ಹುಡುಗಿ ಬೆಳಗಾವಿಯವಳು. ಐದು ತಿಂಗಳ ಬಸುರಿ, ಎಲ್ಲವೂ ಸರಿಯಾಗಿದೆ. ಫೋನ್ ಇಡುವ ಮುಂಚೆ ಕೇಳಿದಳು: "ನಡುವ ನೀರು ಹ್ವಾದ್ರ ಇಲ್ಲಿ ಕಾಯಸ್ತಾರಂತ, ಖರೇನ್ರಿ ಮೇಡಂ?"

ಖರೆ. ದಿನ ತುಂಬುವ ಮುಂಚೆ ಗರ್ಭದ ನೀರು ಹೋದಾಗಲೂ, ಮಗುವಿನ ಎದೆಬಡಿತ ನಿಲ್ಲುವವರೆಗೆ ಗರ್ಭ ತೆಗೆಯದೆ ತಾಯಿಯನ್ನು ಕಾಯಿಸಿದ್ದುಂಟು. 2021ರ ಸೆಪ್ಟೆಂಬರ್‌ನಲ್ಲಿ ಪ್ಶ್ಚಿನಾ ಊರಿನ ಮೂವತ್ತರ ತಾಯಿಯೊಬ್ಬಳಿಗೆ 22ನೇ ವಾರದಲ್ಲಿ ನೀರು ಹೋಯಿತು. ಮಗುವಿನ ಅಂಗದೋಷ ಮೊದಲೇ ಗೊತ್ತಿತ್ತು. ಮಗು 485 ಗ್ರಾಂ ಇದೆ, ಕಾನೂನಿನಿಂದಾಗಿ ಸುಮ್ಮನೆ ಮಲಗಿರಬೇಕು, ಅದು ಸಾಯುವವರೆಗೆ ಕಾಯುತ್ತಾರೆ ಎಂದು ಆಸ್ಪತ್ರೆಯಿಂದಲೇ ಅಮ್ಮನಿಗೆ ಮೆಸೇಜು ಕಳಿಸಿದಳು. ನಂಜೇರಿ ತೀರಿಕೊಂಡಳು. ಬೆಳಗಾವಿಯವರಿಗೆ ಈ ಕಥೆ ಹೊಸದಲ್ಲ. 2012ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ಬೆಳಗಾವಿಯವರೇ ಆದ ಸವಿತಾ ಹಾಲಪ್ಪನವರ 17 ವಾರದ ಗರ್ಭಿಣಿಯಾಗಿ ಹೀಗೇ ಹೋದರು.

ಪೋಲೆಂಡಿನಲ್ಲಿ ಸಮಾಜವಾದಿ ಸರ್ಕಾರ 1956ರಲ್ಲೇ ಗರ್ಭಪಾತಕ್ಕೆ ಅವಕಾಶ ಕೊಟ್ಟಿತ್ತು. 1993ರ ಕಾನೂನು ಅದನ್ನು ಮೂರು ಕಾರಣಗಳಿಗೆ ಇಳಿಸಿತು. 2020ರ ಅಕ್ಟೋಬರ್ 22ರಂದು ಸಾಂವಿಧಾನಿಕ ನ್ಯಾಯಮಂಡಳಿ ಭ್ರೂಣದ ದೋಷ ಎಂಬ ಕಾರಣವನ್ನೂ ತೆಗೆದುಹಾಕಿತು. ತಾಯಿಯ ಜೀವಕ್ಕೆ, ಆರೋಗ್ಯಕ್ಕೆ ಅಪಾಯ ಎಂಬ ಕಾರಣ ಮಾತ್ರ ಯಾವತ್ತೂ ಹೋಗಿರಲಿಲ್ಲ. ಹಾಗಿದ್ದೂ ಕಾಯಿಸಿದರು! ಕಾನೂನು ಮೀರಿ ಗರ್ಭ ತೆಗೆದರೆ ವೈದ್ಯರಿಗೆ ಮೂರು ವರ್ಷದವರೆಗೆ ಜೈಲು; ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಜ್ವರದ ಚಾರ್ಟ್ ಕಣ್ಣೆದುರಿಗಿದ್ದೂ ಕಾಯುವುದು ಅರ್ಥವಾಗುವುದಿಲ್ಲ.

ನೀರಿನ ಚೀಲ ಒಡೆದರೆ ಯೋನಿಯ ಬ್ಯಾಕ್ಟೀರಿಯಾ ಗರ್ಭಕೋಶಕ್ಕೆ ಹತ್ತಲು ತಡೆಯೇ ಇರುವುದಿಲ್ಲ. ಮಗುವಿನ ಎದೆ ಬಡಿಯುತ್ತಿರುವಾಗಲೇ ತಾಯಿಯ ರಕ್ತಕ್ಕೆ ನಂಜು ಏರಬಹುದು. ಆ ಬಡಿತ ತಾಯಿಯ ಸ್ಥಿತಿಯನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಅವಳದೇ ಮೈ: 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ನೂರು ದಾಟಿದ ನಾಡಿ, ಏದುಸಿರು, ಒತ್ತಿದರೆ ನೋಯುವ ಕಿಬ್ಬೊಟ್ಟೆ, ಕೆಟ್ಟ ವಾಸನೆಯ ಸ್ರಾವ. ನಂಜಿನ ಜೊತೆ ಬಿ.ಪಿ. ಇಳಿದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ನರಕ್ಕೆ ಹೋಗಬೇಕು, ಗರ್ಭಕೋಶ ಖಾಲಿಯಾಗಬೇಕು. ಸೋಂಕಿನ ಮೂಲ ಒಳಗೇ ಉಳಿದರೆ ಬರೀ ಔಷಧಿ ಸೋಲುತ್ತದೆ.

ಅವಳಿಗೆ ಹೇಳಿದ್ದು ಇಷ್ಟು. ಬಿಳಿ ಪ್ಯಾಡ್ ಇಟ್ಟುಕೊ, ಟ್ಯಾಂಪೂನ್ ಬೇಡ. ನೀರು ಹೋದ ಸಮಯ, ಬಣ್ಣ ಬರೆದಿಡು. ತಕ್ಷಣ ಆಸ್ಪತ್ರೆಗೆ ಹೋಗು. ಯೋನಿಯನ್ನು ಅಗಲಿಸಿ ನೋಡುವ ಉಪಕರಣ ಸ್ಪೆಕ್ಯುಲಮ್ ಹಾಕಿ ನೋಡಲಿ, ಸುಮ್ಮಸುಮ್ಮನೆ ಬೆರಳು ಹಾಕಿ ಪರೀಕ್ಷಿಸುವುದು ಬೇಡ, ಸೋಂಕು ಹೆಚ್ಚುತ್ತದೆ. ಜ್ವರ, ನಾಡಿ ಎಷ್ಟು ಗಂಟೆಗೊಮ್ಮೆ ನೋಡುತ್ತಾರೆ ಕೇಳು. ಗರ್ಭ ತೆಗೆಯಲು ತನ್ನ ಆತ್ಮಸಾಕ್ಷಿ ಒಪ್ಪದು ಎನ್ನುವ ವೈದ್ಯರು ಅದನ್ನು ದಾಖಲೆಯಲ್ಲಿ ಬರೆಯಲೇಬೇಕು, ಬರೆಸು. 2024ರ ಆಗಸ್ಟ್‌ನ ಅಲ್ಲಿನ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಂತೆ ಅಪಾಯವಿದೆ ಎನ್ನಲು ಒಬ್ಬ ತಜ್ಞರ ಪ್ರಮಾಣಪತ್ರ ಸಾಕು.

ಪೋಲಿಷ್ ಬಾರದ ಗಂಡನೂ 112ಕ್ಕೆ ಹೇಳಬಹುದಾದ ಮಾತು ‘ಒದೆಶ್ವಿ ವೊದಿ’, ನೀರು ಹೋಗಿದೆ ಅಂತ. ಅವನ ಕೈಲಿ ನಾಲ್ಕು ಸಲ ಹೇಳಿಸಿದೆ.