ಹಾಸಿಗೆಯ ನಡುವಿನ ತಗ್ಗು

ನನ್ನ ಹಾಸಿಗೆಯ ನಡುವೆ ಅಂಗೈ ಮುಳುಗುವಷ್ಟು ತಗ್ಗು ಬಿದ್ದಿತ್ತು. ಯಾವ ಅಂಚಿನಲ್ಲಿ ಮಲಗಿದರೂ ರಾತ್ರಿ ಉರುಳಿ ಅಲ್ಲಿಗೇ ಬರುತ್ತಿದ್ದೆ. ಬೆಳಿಗ್ಗೆ ಗೋಡೆ ಹಿಡಿಯದೆ ಚಪ್ಪಲಿ ಹಾಕಲು ಆಗುತ್ತಿರಲಿಲ್ಲ. ಹತ್ತು ಗಂಟೆ ಹೊತ್ತಿಗೆ ಸೊಂಟ ತಾನಾಗಿ ಸಡಿಲವಾಗುತ್ತಿತ್ತು. ಬೇರೆ ಮನೆಯಲ್ಲಿ ಎರಡು ರಾತ್ರಿ ಮಲಗಿದಾಗ ನೋವೇ ಇಲ್ಲ. ತಪ್ಪು ಹಾಸಿಗೆಯದ್ದು ಅಂತ ಆಗಲೇ ನನಗೆ ಹೊಳೆದದ್ದು.

ಹಾಸಿಗೆ ಗಟ್ಟಿಯಾದಷ್ಟೂ ಒಳ್ಳೆಯದು ಅಂತ ಕೆಲವರು ಅಂದರು. ಎರಡು ವಾರ ಬರೀ ನೆಲದ ಮೇಲೆ ಮಲಗಿದೆ. ಭುಜ ಒತ್ತಿ, ಸೊಂಟದ ಮೂಳೆ ಒತ್ತಿ ನಿದ್ದೆಯೇ ಹತ್ತಲಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಹಳೆಯ ಸೊಂಟನೋವಿನ 313 ಮಂದಿಯ ಅಧ್ಯಯನದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದ್ದೇ ವಾಸಿ ಎಂದು ಕಂಡುಬಂದಿತ್ತು. ಅಂಥದ್ದನ್ನೇ ತಂದೆ. ಮಗ್ಗುಲಾದಾಗ ಮೊಣಕಾಲುಗಳ ನಡುವೆ ಒಂದು ದಿಂಬು. ಮೂರನೇ ವಾರ ಗೋಡೆ ಹಿಡಿಯದೆ ಚಪ್ಪಲಿ ಹಾಕಿಕೊಂಡೆ.